ಉಗುರುಬಣ್ಣದ ಚುಕ್ಕೆ

ಶ್ರವಣ ಮಂಡಳಿಯ ಹಳೆಯ ಆಂಪ್ಲಿಫೈಯರಿನ ಮೇಲೆ, ದನಿ ಏರಿಸುವ ಗುಂಡಿಯ ಬಲಕ್ಕೆ, ಒಂದು ಕೆಂಪು ಚುಕ್ಕೆಯಿತ್ತು. ಉಗುರುಬಣ್ಣದಲ್ಲಿ ಇಟ್ಟದ್ದು, ಸಾಸಿವೆ ಕಾಳಿಗಿಂತ ತುಸು ದೊಡ್ಡದು. ಗುಂಡಿಯ ಮೇಲಿನ ಬಿಳಿ ಗೆರೆ ಆ ಚುಕ್ಕೆಗೆ ಬಂದು ನಿಂತರೆ ಮುಗಿಯಿತು, ಅದರಾಚೆಗೆ ಕೂದಲೆಳೆಯಷ್ಟೂ ತಿರುಗಿಸುವಂತಿರಲಿಲ್ಲ. ಮಂಡಳಿಗೆ ಬರೆದಿಟ್ಟ ನಿಯಮಗಳು ಹನ್ನೊಂದಿದ್ದವು. ಇದು ಬರೆಯದ ಹನ್ನೆರಡನೆಯದು.

ಮಂಡಳಿಯೆಂದರೆ ಹದಿಮೂರು ಜನ. ಪ್ರತಿ ಗುರುವಾರ ಸಂಜೆ ಐದೂವರೆಗೆ, ಮುಚ್ಚಿಹೋಗಿದ್ದ ಒಂದು ಮುದ್ರಣಾಲಯದ ಮಹಡಿಯ ಮೇಲಿನ ಉದ್ದ ಕೋಣೆಯಲ್ಲಿ ಜಮಖಾನೆಯ ಮೇಲೆ ಕೂತು ಹಳೆಯ ಧ್ವನಿಮುದ್ರಣಗಳನ್ನು ಕೇಳುತ್ತಿದ್ದೆವು. ಚಪ್ಪಾಳೆಯಿಲ್ಲ, ಭಲೇ ಎನ್ನುವಂತಿಲ್ಲ. ಕೇಳುವಾಗ ಮಾತಾಡಿದವರು ಮರುವಾರದಿಂದ ಬರುವಂತಿಲ್ಲ ಎಂಬುದು ಮೊದಲನೆಯ ನಿಯಮ. ಕೊನೆಗೆ ಯಾವಾಗಲೂ ಒಂದೇ ಮುದ್ರಣ. ಮಂಡಳಿಯನ್ನು ಕಟ್ಟಿದ ಶ್ರೀಪಾದರಾಯರು ಬಹಳ ಹಿಂದೆ ತಮ್ಮ ಮನೆಯ ಪಡಸಾಲೆಯಲ್ಲಿ ಟೇಪಿನ ಸ್ಪೂಲ್ ಯಂತ್ರವಿಟ್ಟು ಹಿಡಿದಿದ್ದ, ಅವರ ಹೆಂಡತಿ ಕನಕಾಂಬ ಹಾಡಿದ ಭೈರವಿ. ಅರ್ಧ ಗಂಟೆಯ ಆಲಾಪನೆ. ಆಮೇಲೆ ಆಕೆ ತಂಬೂರಿಯನ್ನು ಕೆಳಗಿಡುವ ಮೆಲುಸದ್ದು. ನಲವತ್ತು ಸೆಕೆಂಡು ಏನೂ ಇಲ್ಲ. ಆಮೇಲೆ ಮತ್ತೆ ತಂಬೂರಿ, ಕೃತಿ.

ಆ ದಿನದ ನಂತರ ಆಕೆ ಮತ್ತೆ ಹಾಡಲಿಲ್ಲವಂತೆ. ಆ ನಲವತ್ತು ಸೆಕೆಂಡಿನಲ್ಲಿ ಆಕೆ ಎಲ್ಲಿಗೋ ಹೋಗಿ ಬಂದರು, ಅಲ್ಲಿಗೆ ಹೋಗಿ ಬಂದವರಿಗೆ ಹಾಡುವ ಹಂಗಿಲ್ಲ ಎಂದು ರಾಯರು ಹೇಳುತ್ತಿದ್ದರು. ಗಂಡಹೆಂಡಿರಿಬ್ಬರೂ ತೀರಿಕೊಂಡು ವರ್ಷಗಳಾಗಿದ್ದವು. ಗೋಡೆಯ ಮೇಲೆ ರಾಯರ ಪಟವಿತ್ತು, ಗಂಧದ ಹಾರ ಹಾಕಿದ್ದರು. ಕನಕಾಂಬ ಅವರದಿರಲಿಲ್ಲ. ದನಿಯೇ ಇರುವಾಗ ಪಟವೇಕೆ ಎಂದು ರಾಯರೇ ಬೇಡವೆಂದಿದ್ದರಂತೆ.

ಆ ನಲವತ್ತು ಸೆಕೆಂಡಿಗಾಗಿಯೇ ನಾನು ಅಲ್ಲಿಗೆ ಹೋಗುತ್ತಿದ್ದೆ. ಎಂ.ಎ. ಮುಗಿಸಿ ಎರಡು ವರ್ಷವಾಗಿತ್ತು. ಅರ್ಜಿಗಳಿಗೆ ಉತ್ತರ ಬರುತ್ತಿರಲಿಲ್ಲ. ಜನರ ಮಾತು ನನಗೆ ಮೈಗೆ ಉಜ್ಜಿದ ಮರಳಿನ ಹಾಗೆ ಆಗುತ್ತಿತ್ತು. ಅಲ್ಲಿ ಹದಿಮೂರು ತಲೆಗಳು ಒಟ್ಟಿಗೆ ಬಾಗಿ ಸುಮ್ಮನಿರುವುದನ್ನು ಕಂಡಾಗ ಮಾತ್ರ ಮನುಷ್ಯರ ನಡುವೆ ಇರಬಹುದು ಅನ್ನಿಸುತ್ತಿತ್ತು. ಮಂಡಳಿಯ ನೆನಪಿನ ಸಂಚಿಕೆಗೆ ಆ ಮೌನದ ಕುರಿತೇ ಹತ್ತು ಪುಟದ ಪ್ರಬಂಧ ಬರೆದೆ. ಅಚ್ಚಾದ ನನ್ನ ಬರಹ ಅದೊಂದೇ. ಎಲ್ಲರೂ ಮೆಚ್ಚಿದರು, ಒಬ್ಬರನ್ನು ಬಿಟ್ಟು. ಇಂದುಮತಿ, ರಾಯರ ಮಗಳು, ಹೆಣ್ಣುಮಕ್ಕಳ ಪ್ರೌಢಶಾಲೆಯ ಮುಖ್ಯೋಪಾಧ್ಯಾಯಿನಿ, ಸಂಚಿಕೆಯನ್ನು ನನ್ನ ಕೈಗೇ ವಾಪಸು ಕೊಟ್ಟು ಹೇಳಿದ್ದರು:

"ಚೆನ್ನಾಗಿ ಬರೀತೀರಿ. ಗೊತ್ತಿಲ್ಲದೇ ಇರೋದರ ಬಗ್ಗೆ ಇನ್ನೂ ಚೆನ್ನಾಗಿ ಬರೀತೀರಿ."

ಅಂದಿನಿಂದ ನನಗೂ ಅವರಿಗೂ ಆಗುತ್ತಿರಲಿಲ್ಲ. ಆದರೆ ನಮ್ಮ ಹಗೆ ಮಂಡಳಿಯ ಕಾರ್ಯದರ್ಶಿ ಫಣಿರಾಜರಿಗೂ ಅವರಿಗೂ ಇದ್ದ ಹಗೆಯ ಮುಂದೆ ಏನೂ ಅಲ್ಲ. ಫಣಿರಾಜರು ಟೆಲಿಫೋನ್ ಎಕ್ಸ್‌ಚೇಂಜಿನಿಂದ ನಿವೃತ್ತರಾದವರು. ಇಬ್ಬರೂ ಏಳೆಂಟು ವರ್ಷಗಳಿಂದ ಒಬ್ಬರಿಗೊಬ್ಬರು ನೇರ ಮಾತಾಡಿದವರಲ್ಲ. ಹೇಳಬೇಕಾದದ್ದನ್ನು ಗೋಡೆಗೆ ಹೇಳುತ್ತಿದ್ದರು, ಕಿಟಕಿಗೆ ಹೇಳುತ್ತಿದ್ದರು.

ಆ ವರ್ಷ ಹಳೆಯ ಆಂಪ್ಲಿಫೈಯರು ಕೈಕೊಡತೊಡಗಿತು. ಗುಂಡಿ ತಿರುಗಿಸಿದಾಗೆಲ್ಲ ಒಗ್ಗರಣೆ ಸಿಡಿದಂತೆ ಚಟಪಟ. ಒಂದು ಗುರುವಾರ ಫಣಿರಾಜರು ದೊಡ್ಡ ರಟ್ಟಿನ ಪೆಟ್ಟಿಗೆಯೊಂದನ್ನು ಹೊರಿಸಿಕೊಂಡು ಬಂದರು. ಒಳಗೆ ಹೊಸ ಹೋಮ್ ಥಿಯೇಟರ್ ರಿಸೀವರ್. ಅಂಗಡಿಯವನು ಹದಿನೈದು ದಿನ ಇಟ್ಟುಕೊಂಡು ನೋಡಲು ಕೊಟ್ಟಿದ್ದ.

"ಇದು ಬರೀ ದನಿ ಏರಿಸೋ ಡಬ್ಬ ಅಲ್ಲ," ಎಂದರು, ಅದರ ಮೇಲೆ ಕೈಯಿಟ್ಟು. "ಪೆನ್ ಡ್ರೈವ್ ಚುಚ್ಚಿದರೆ ಅದರಿಂದ ಹಾಡುತ್ತೆ. ಮೊಬೈಲಿಂದ ಹಾಡುತ್ತೆ, ನಡುವೆ ತಂತೀನೇ ಬೇಡ. ಇಂಟರ್ನೆಟ್ಟಿಂದ ಯಾವ ದೇಶದ ರೇಡಿಯೋ ಬೇಕಾದರೂ ತರುತ್ತೆ. ಹಳೇ ಮುದ್ರಣಾನ ತೊಳೆದು ಹೊಸದು ಮಾಡುತ್ತೆ. ನಮ್ಮ ಸ್ಪೂಲನ್ನೂ ಆಗಲೇ ಪೆನ್ ಡ್ರೈವಿಗೆ ಇಳಿಸಿ ತಂದಿದೀನಿ. ಏಳು ಸ್ಪೀಕರ್ ಹಾಕಬಹುದು."

ಇಂದುಮತಿಯವರು ಕಿಟಕಿಯ ಕಡೆ ನೋಡಿದರು. "ಏಳು ಯಾಕೋ. ನಮ್ಮಮ್ಮನಿಗಿದ್ದದ್ದು ಒಂದೇ ಗಂಟಲು."

"ಕೆಲವರಿಗೆ ಹೊಸದು ಅಂದ್ರೆ ಮೈಯೆಲ್ಲ ಉರಿ," ಫಣಿರಾಜರು ಗೋಡೆಗೆ ಹೇಳಿದರು.

"ಕೆಲವರಿಗೆ ಹಳೇದರ ಬೆಲೆ ಗೊತ್ತಿಲ್ಲ. ಆ ಆಂಪ್ಲಿಫೈಯರನ್ನ ಗುಜರಿಗೆ ಹಾಕೋಕೆ ಬಿಡೋದಿಲ್ಲ ಅಂತ ಹೇಳಿಬಿಡಿ."

ಅಧ್ಯಕ್ಷರಾದ ಡಾಕ್ಟರ್ ಜಯದೇವಪ್ಪನವರಿಗೆ ಎಂಬತ್ತು ದಾಟಿತ್ತು. ಜಗಳ ಶುರುವಾದ ಕೂಡಲೇ ಕಿವಿಯ ಯಂತ್ರವನ್ನು ತೆಗೆದು ಜೇಬಿಗೆ ಹಾಕಿಕೊಳ್ಳುವುದು ಅವರ ಅಭ್ಯಾಸ. ಅಂದು ಹಾಗೇ ಮಾಡಿ, ಬಾಯಿಗಳು ಅಲುಗುವುದು ನಿಂತ ಮೇಲೆ ಮತ್ತೆ ಸಿಕ್ಕಿಸಿಕೊಂಡು, ನನ್ನ ಕಡೆ ಬೆರಳು ತೋರಿಸಿದರು. "ಈತ ಓದಿದ ಹುಡುಗ. ಯಾರ ಕಡೆಯವನೂ ಅಲ್ಲ. ಈ ಪೆಟ್ಟಿಗೇಲಿ ಏನೇನಿದೆ, ಅದೆಲ್ಲ ನಮಗೆ ಬೇಕಾ ಬೇಡವಾ, ಕೂತು ಪರೀಕ್ಷೆ ಮಾಡಿ ಒಂದು ವರದಿ ಬರೀಲಿ. ಬೇಕು ಅಂದ್ರೆ ಇದು. ಬೇಡ ಅಂದ್ರೆ ಹಳೇದು ರಿಪೇರಿ."

"ಒಳ್ಳೇದಾಯ್ತು," ಎಂದರು ಫಣಿರಾಜರು. "ಎಂ.ಎ. ಸಾಹೇಬರಿಗೆ ಹೇಗೂ ಬೇರೆ ಕೆಲಸವಿಲ್ಲ."

ಆ ಒಂದು ಮಾತಿಗೆ ಮಾತ್ರ ಇಂದುಮತಿಯವರೂ ತಲೆದೂಗಿದರು.

ಕೋಣೆಯ ಬೀಗದ ಕೈ ನನ್ನ ಹತ್ತಿರ ಉಳಿಯಿತು. ಮಧ್ಯಾಹ್ನ ಹೊತ್ತು ಅಲ್ಲಿಗೆ ಹೋಗಿ ಒಬ್ಬನೇ ಕೂರುತ್ತಿದ್ದೆ. ಸೇಡಿನ ಮನಸ್ಸಿನಿಂದಲೇ ಕೂತೆ ಎನ್ನಬೇಕು. ಯಂತ್ರದಲ್ಲಿ ಹುಳುಕು ಹುಡುಕಿ ಫಣಿರಾಜರನ್ನು ಇಳಿಸಬೇಕು, ಇಲ್ಲವೇ ಅದನ್ನು ಹೊಗಳಿ ಇಂದುಮತಿಯವರ ಬಾಯಿ ಕಟ್ಟಬೇಕು. ಎರಡರಲ್ಲಿ ಯಾವುದು ಹೆಚ್ಚು ರುಚಿ ಎಂಬುದನ್ನಷ್ಟೇ ತೀರ್ಮಾನಿಸಬೇಕಿತ್ತು.

ಮೊಬೈಲಿನಿಂದ ಹಾಡಿಸಿದೆ. ಹಾಡಿತು, ಆದರೆ ಯಾರೋ ಕರೆ ಮಾಡಿದಾಗ ಕಾಂಬೋಧಿಯ ನಡುವೆ ಗಂಟೆ ಬಾರಿಸಿತು. ಇಂಟರ್ನೆಟ್ ರೇಡಿಯೋದಲ್ಲಿ ಗೊತ್ತಿಲ್ಲದ ಭಾಷೆಯೊಂದರಲ್ಲಿ ಒಬ್ಬಾಕೆ ಬಹುಶಃ ಹವಾಮಾನ ಹೇಳುತ್ತಿದ್ದಳು. ಏಳು ದಿಕ್ಕಿನ ದನಿಯೆಂಬುದು ತಂಬೂರಿಯನ್ನು ಒಯ್ದು ನನ್ನ ಬೆನ್ನ ಹಿಂದೆ ಕೂರಿಸಿತು. ಹಳೆಯ ಮುದ್ರಣವನ್ನು ತೊಳೆಯುವ ಗುಂಡಿ ಒತ್ತಿದರೆ, ಹುಣಸೆಹಣ್ಣು ಹಾಕಿ ಉಜ್ಜಿದ ತಾಮ್ರದ ಹಾಗೆ ಎಲ್ಲ ಹೊಳೆಯುತ್ತಿತ್ತು. ಹೊಳಪು ನನಗೆ ಹಿಡಿಸಲಿಲ್ಲ, ಆದರೆ ಸುಳ್ಳೆನ್ನುವ ಹಾಗೂ ಇರಲಿಲ್ಲ. ಪೆನ್ ಡ್ರೈವಿನಿಂದ ಭೈರವಿ ಮಾತ್ರ ನಿಜಕ್ಕೂ ಚೆನ್ನಾಗಿ ಬಂತು. ಎಲ್ಲವನ್ನೂ ಪಟ್ಟಿ ಮಾಡಿಕೊಂಡೆ.

ಕೊನೆಗೆ ಉಳಿದದ್ದು ಒಂದು ಸೌಲಭ್ಯ. ಜೋರಾದದ್ದನ್ನು ತಗ್ಗಿಸಿ, ಮೆಲುದನಿಯನ್ನು ಎತ್ತಿ, ಎಲ್ಲವನ್ನೂ ಒಂದೇ ಮಟ್ಟಕ್ಕೆ ತರುವಂಥದು. ಹತ್ತನೆಯ ದಿನ ಮಧ್ಯಾಹ್ನ ಅದನ್ನು ಒತ್ತಿ ಭೈರವಿ ಹಚ್ಚಿದೆ. ಆಲಾಪನೆಯಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ತಂಬೂರಿ ಕೆಳಗಿಳಿಯಿತು. ಅಭ್ಯಾಸಬಲದಿಂದ ತಲೆ ಬಾಗಿಸಿದೆ.

ಮೌನ ಮೌನವಾಗಿ ಉಳಿಯಲಿಲ್ಲ. ಎತ್ತಲು ಬೇರೇನೂ ಸಿಗದೆ ಯಂತ್ರ ಅದನ್ನೇ ಎತ್ತತೊಡಗಿತು. ಟೇಪಿನ ಸುಂಯ್ ಎಂಬ ಸದ್ದು ಒಲೆಯ ಮೇಲಿನ ಹಾಲಿನಂತೆ ಮೇಲೆದ್ದಿತು. ಅದರೊಳಗಿಂದ, ಮೈಕಿಗೆ ದೂರದಲ್ಲಿ, ಬಾಗಿಲ ಬಳಿ ನಿಂತಂತಿದ್ದ ಒಂದು ಗಂಡುದನಿ ಬಂತು. ಕೋಪವಿರಲಿಲ್ಲ ಅದರಲ್ಲಿ. ಸಂತೆಗೆ ಹೋಗುವವರಿಗೆ ಹೇಳುವಂತೆ ಹೇಳುತ್ತಿತ್ತು.

"ಇದೊಂದು ಮುಗಿಸಿಬಿಡು. ಇನ್ನು ಸಾಕು. ನಾಳೆಯಿಂದ ಈ ಪೆಟ್ಟಿಗೆ ಹಾಡುತ್ತೆ, ನಿನ್ನ ಬಾಯಿ ಯಾರಿಗೂ ಬೇಕಾಗಿಲ್ಲ. ಕಂಡವರ ಮುಂದೆ ಬಾಯಿ ಬಿಡೋಳು ನನ್ನ ಮನೇಲಿ ಬೇಡ. ತಂಬೂರಿ ಯಾರಿಗಾದರೂ ಕೊಟ್ಟುಬಿಡೋಣ."

ಸ್ವಲ್ಪ ಹೊತ್ತು ಬರೀ ಸುಂಯ್. ಆಮೇಲೆ ಹೆಂಗಸಿನ ದನಿ, ಭೈರವಿ ಹಾಡಿದ ಅದೇ ಗಂಟಲು:

"ಮೆಲ್ಲಗೆ. ಮಗು ಇದೆ."

ತಂಬೂರಿ ಮೀಟಿತು. ಕೃತಿ ಶುರುವಾಯಿತು.

ಗಂಡಸಿನ ದನಿ ಯಾರದೆಂದು ಊಹಿಸಬೇಕಾಗಿರಲಿಲ್ಲ. ಪ್ರತಿ ವರ್ಷ ಮಂಡಳಿಯ ಹುಟ್ಟುಹಬ್ಬದಂದು ರಾಯರ ಹಳೆಯ ಭಾಷಣವೊಂದನ್ನು ಹಾಕುತ್ತಿದ್ದರು. ಎದ್ದು ಹೋಗಿ ಪಟದ ಎದುರು ನಿಂತೆ. ನನ್ನ ಹತ್ತು ಪುಟ ನೆನಪಾಯಿತು. "ಮಾತು ತಲುಪಲಾರದ ತಾಣ" ಎಂದು ಬರೆದಿದ್ದೆ. ನಾಚಿಕೆಗಿಂತ ಮೊದಲು ಬಂದದ್ದು ಸಿಟ್ಟು. ಗುರುವಾರ ಎಲ್ಲರೆದುರು ಇದನ್ನು ಹಾಕುತ್ತೇನೆ, ಹದಿಮೂರು ಬಾಗಿದ ತಲೆಗಳ ಮೇಲೆ ಇದನ್ನು ಸುರಿಯುತ್ತೇನೆ, ಆ ಗಂಧದ ಹಾರವನ್ನು ಅವರೇ ಎದ್ದು ಕಿತ್ತು ಹಾಕಲಿ ಎಂದುಕೊಂಡೆ. ಆ ಯೋಚನೆ ನನಗೆ ಸುಖ ಕೊಟ್ಟಿತೆಂಬುದನ್ನು ಮುಚ್ಚಿಡುವುದಿಲ್ಲ.

ಮರುದಿನ ಶಾಲೆ ಬಿಟ್ಟ ಮೇಲೆ ಇಂದುಮತಿಯವರು ಮೆಟ್ಟಿಲು ಹತ್ತಿ ಬಂದರು. ಚಪ್ಪಲಿ ಬಿಡದೆ ಹೊಸ್ತಿಲಲ್ಲೇ ನಿಂತರು.

"ನಮ್ಮಮ್ಮನ್ನ ಆ ಬೆರಳುದ್ದ ಕಡ್ಡಿಗೆ ತುಂಬಿದಾರಂತೆ. ನೋಡಿಹೋಗೋಣ ಅಂತ ಬಂದೆ. ಎಲ್ಲಿಗೆ ಬಂತು ನಿಮ್ಮ ಸಂಶೋಧನೆ?"

ಅವರು ಯಂತ್ರದ ಮುಖದ ಮೇಲೆ ಬೆಳಗುತ್ತಿದ್ದ ಅಕ್ಷರಗಳನ್ನು ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಚಪ್ಪಲಿ ಬಿಟ್ಟು ಒಳಗೆ ಬಂದರು.

"ಕೇಳಿಸ್ತಾ?"

"ನಿಮಗೆ ಗೊತ್ತಿತ್ತಾ ಮೇಡಂ?"

"ಅದರಲ್ಲಿ ಮಗು ಅಂದದ್ದು ನನ್ನನ್ನೇ. ಒಂಬತ್ತು ವರ್ಷ. ಬಾಗಿಲ ಹತ್ತಿರ ಅವರೆಕಾಳು ಹಿಸುಕ್ತಾ ಕೂತಿದ್ದೆ." ಅವರು ಹಳೆಯ ಆಂಪ್ಲಿಫೈಯರಿನ ಮುಂದೆ ಕೂತು ಕೆಂಪು ಚುಕ್ಕೆಯನ್ನು ಉಗುರಿನಿಂದ ಮುಟ್ಟಿದರು, ಕೆರೆಯಲಿಲ್ಲ. "ಇದು ಅಪ್ಪ ಇಟ್ಟದ್ದು ಅಂದ್ಕೊಂಡಿದೀರಿ ನೀವೆಲ್ಲ. ಅಮ್ಮ ಇಟ್ಟಳು, ನನ್ನ ಉಗುರುಬಣ್ಣದಲ್ಲಿ. ಸ್ಪೂಲನ್ನ ಅಪ್ಪ ಯಾರ ಕೈಗೂ ಕೊಡ್ತಿರಲಿಲ್ಲ, ಅಳಿಸೋ ಹಾಗಿರಲಿಲ್ಲ. ಆಗ ಇದು ನಮ್ಮನೇಲೇ ಇತ್ತು. ಒಂದು ದಿನ ಅವರು ಇಲ್ಲದಾಗ ಗುಂಡಿ ಚೂರುಚೂರೇ ತಿರುಗಿಸಿ ನೋಡಿದಳು. ಎಲ್ಲಿಯವರೆಗೆ ಆ ಮಾತು ಕೇಳೋದಿಲ್ವೋ ಅಲ್ಲಿ ಚುಕ್ಕೆ ಇಟ್ಟಳು. ಇದರಾಚೆಗೆ ನನ್ನ ದನಿ ಒಡೆಯುತ್ತೆ ಅಂತ ಅವರಿಗೆ ಹೇಳಿದಳು. ಅವರು ನಂಬಿದರು. ನಿಯಮ ಮಾಡಿದರು."

"ರಾಯರು ಬೇಕಂತಲೇ ಮುಚ್ಚಿಟ್ಟದ್ದಲ್ಲವೇ ಹಾಗಾದರೆ?"

"ಮುಚ್ಚಿಡೋಕೆ ನೆನಪಾದರೂ ಇರಬೇಕಲ್ಲ! ತಾವು ಅಂದದ್ದು ಅವರಿಗೆ ಮರೆತೇ ಹೋಗಿತ್ತು. ಆ ಮೌನಕ್ಕೆ ಅವರೂ ಕೈಮುಗಿದು ಕೂರ್ತಿದ್ದರು. ಕಣ್ಣಲ್ಲಿ ನೀರು ಬೇರೆ."

ಗುರುವಾರ ಅದನ್ನು ಎಲ್ಲರಿಗೂ ಕೇಳಿಸುತ್ತೇನೆ ಎಂದೆ. ಅವರು ನಕ್ಕರು. ಅಂಥ ನಗೆಯನ್ನು ಮುಂದೆ ನಾನು ಯಾರಲ್ಲೂ ಕಂಡಿಲ್ಲ.

"ಕೇಳಿಸಿ. ನಿಮ್ಮ ಪ್ರಬಂಧಕ್ಕೆ ಎರಡನೇ ಭಾಗ ಆಗುತ್ತೆ."

"ಹಾಗಾದರೆ ಹದಿಮೂರು ಜನ ಸುಳ್ಳಿಗೆ ತಲೆ ಬಾಗಿಸ್ತಾ ಕೂತಿರಬೇಕೇ?"

"ಕೂತಿರಿ. ಯಾರು ಕೂರಿ ಅಂದರು ನಿಮಗೆ? ಅಮ್ಮ ನನ್ನ ಹತ್ತಿರ ಕೇಳಿದ್ದು ಒಂದೇ. ನಾನು ಹಾಡಿದ್ದು ಜನ ಕೇಳಲಿ, ಅನ್ನಿಸಿಕೊಂಡದ್ದು ಬೇಡ ಅಂದಳು. ಸಾಯೋ ದಿನವೂ ಚುಕ್ಕೆ ಇದೆಯಾ ಅಂತ ಕೇಳಿದಳು." ಎದ್ದು ನಿಂತರು. "ನಿಮ್ಮನ್ನ ಬೇಡಿಕೊಳ್ತಾ ಇದೀನಿ ಅಂದ್ಕೋಬೇಡಿ. ನಿಮ್ಮಂಥವರನ್ನ ನಾನು ಏನೂ ಬೇಡೋದಿಲ್ಲ. ಏನು ಬೇಕಾದರೂ ಬರ್ಕೊಳ್ಳಿ."

ಚಪ್ಪಲಿ ಮೆಟ್ಟಿ ಇಳಿದು ಹೋದರು. ನಾನು ಮೂರು ದಿನ ವರದಿ ಬರೆದು ಹರಿದೆ. ರಾಯರ ಮೇಲಿನ ಸಿಟ್ಟು ಹಾಗೇ ಇತ್ತು. ಆದರೆ ಅದನ್ನು ತೀರಿಸಿಕೊಳ್ಳಲು ನಾನು ಎತ್ತಿಕೊಳ್ಳಬೇಕಾಗಿದ್ದದ್ದು ಬೇರೊಬ್ಬರ ಅವಮಾನವನ್ನು. ಅದು ನನ್ನದಲ್ಲ ಎಂಬುದು ಎಷ್ಟು ಸಲ ಹರಿದರೂ ಕಾಗದದ ಮೇಲೆ ಉಳಿಯುತ್ತಿತ್ತು.

ಗುರುವಾರ ಓದಿದೆ. "ಹೊಸ ಯಂತ್ರದ ಡಿಜಿಟಲ್ ಸಂಗೀತ ಸೌಲಭ್ಯಗಳೆಲ್ಲ ಸರಿಯಾಗಿಯೇ ಕೆಲಸ ಮಾಡುತ್ತವೆ. ಆದರೆ ವಾರಕ್ಕೊಮ್ಮೆ ಒಂದೇ ಕೋಣೆಯಲ್ಲಿ ಕೂತು ಹಳೆಯ ಮುದ್ರಣಗಳನ್ನು ಕೇಳುವ ನಮಗೆ ಅವುಗಳಿಂದ ಪ್ರಯೋಜನವಿಲ್ಲ. ಹಳೆಯದನ್ನು ರಿಪೇರಿ ಮಾಡಿಸುವುದು ಸಾಕು."

ಫಣಿರಾಜರ ಮುಖ ಕೆಂಪಾಯಿತು. "ಪ್ರಯೋಜನವಿಲ್ಲವಂತೆ! ಯಾರೋ ಬಂದು ಕಿವಿ ಊದಿಹೋಗಿದ್ದಾರೆ. ಮೆಟ್ಟಿಲು ಹತ್ತಿದ್ದನ್ನ ನೋಡಿದವರಿದ್ದಾರೆ ಸ್ವಾಮಿ. ನಾನು ಮನೇಲಿ ಶುರುವಿನ ಐದು ನಿಮಿಷ ಕೇಳಿದೀನಿ, ಹಾಲಿನ ಹಾಗಿದೆ. ನೀವೇ ಕೇಳಿ ಹೇಳಿ ಎಲ್ಲರೂ." ರಿಮೋಟು ತೆಗೆದುಕೊಂಡರು. "ಇರೋ ಸೌಲಭ್ಯ ಎಲ್ಲಾ ಹಾಕ್ತೀನಿ. ಆಲಾಪನೆಯ ಕೊನೆ, ಆಮೇಲೆ ಕೃತಿಯ ಶುರು. ಅಷ್ಟು ಸಾಕು."

ಒಂದೊಂದೇ ಗುಂಡಿ ಒತ್ತಿದರು. ಯಂತ್ರದ ಮುಖದ ಮೇಲೆ ಮೆಲುದನಿ ಎತ್ತುವ ಸೌಲಭ್ಯದ ಅಕ್ಷರಗಳೂ ಬೆಳಗಿದವು. ಬೇಡ ಎನ್ನಲು ನನಗೆ ಕಾರಣವೊಂದು ಬೇಕಿತ್ತು, ಇದ್ದ ಕಾರಣವನ್ನು ಹೇಳುವಂತಿರಲಿಲ್ಲ. ಭೈರವಿ ಕೋಣೆ ತುಂಬಿತು. ತಂಬೂರಿ ಕೆಳಗಿಳಿಯಿತು. ತಲೆಗಳು ಬಾಗಿದವು. ಟೇಪಿನ ಸುಂಯ್ ಹಾಲಿನಂತೆ ಉಕ್ಕತೊಡಗಿತು.

"ಫಣಿರಾಜ್!"

ಇಂದುಮತಿಯವರು ಎದ್ದು ನಿಂತಿದ್ದರು. ಏಳೆಂಟು ವರ್ಷಗಳಲ್ಲಿ ಮೊದಲ ಸಲ ಅವರನ್ನು ಹೆಸರು ಹಿಡಿದು ಕರೆದಿದ್ದರು, ಅದೂ ಬೆಳಗಿನ ಪ್ರಾರ್ಥನೆಗೆ ಮುನ್ನೂರು ಹುಡುಗಿಯರನ್ನು ನಿಲ್ಲಿಸುವ ಗಂಟಲಿನಲ್ಲಿ. "ಎಕ್ಸ್‌ಚೇಂಜಲ್ಲಿ ಕೂತು ಊರವರ ಫೋನೆಲ್ಲ ಕದ್ದು ಕೇಳ್ತಿದ್ದೋರು ನೀವು! ಗಂಡಹೆಂಡಿರ ಮಾತು ಕೇಳಿ ಕೇಳಿ ನಿವೃತ್ತಿ ಆದೋರು! ಸಂಗೀತ ಏನ್ರೀ ಗೊತ್ತು ನಿಮಗೆ?"

"ಏನಂದ್ರಿ?" ಫಣಿರಾಜರು ರಿಮೋಟು ಹಿಡಿದೇ ಎದ್ದರು. "ಮೂವತ್ತಾರು ವರ್ಷ ಸರ್ವೀಸು! ಒಂದು ಕಪ್ಪುಚುಕ್ಕೆ ಇಲ್ಲ! ಯಾರ ಫೋನ್ ಕೇಳಿದೆ, ಹೇಳ್ರೀ!"

"ಯಾರದ್ದು ಬಿಟ್ರಿ ಅಂತ ಕೇಳಿ!"

"ಬಾಯಿಗೆ ಬಂದದ್ದು ಅನ್ನಬೇಡಿ! ನಿಮ್ಮಪ್ಪನ ಮುಖ ನೋಡಿ ಸುಮ್ಮನಿದೀನಿ!"

"ಸುಮ್ಮನಿರಬೇಡಿ ಅಂತಲೇ ಹೇಳ್ತಿರೋದು!"

ಅಧ್ಯಕ್ಷರು ಕಿವಿಯ ಯಂತ್ರ ತೆಗೆದು ಜೇಬಿಗೆ ಹಾಕಿದರು. ನಾನು ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಇಪ್ಪತ್ತಾರು, ಇಪ್ಪತ್ತೇಳು. ಸ್ಪೀಕರಿನ ಹತ್ತಿರವೇ ಕೂತಿದ್ದ ನನಗೆ ಬಾಗಿಲ ಬಳಿಯ ಆ ದನಿ ಕೇಳುತ್ತಿತ್ತು. ಇಂದುಮತಿಯವರು ಕೆಮ್ಮಿದರು. ಉಸಿರು ಮುಗಿದಿತ್ತು. ಫಣಿರಾಜರು ಸಿಟ್ಟಿಗೆ ಮಾತು ಸಿಗದೆ ಬಾಯಿ ತೆರೆದು ನಿಂತಿದ್ದರು. ಕೋಣೆ ಸ್ತಬ್ಧವಾಯಿತು. ಕನಕಾಂಬ ಅವರ ಮೂರು ಶಬ್ದ ಇನ್ನೂ ಬರಬೇಕಿತ್ತು.

ನಾನು ಎದ್ದೆ. ಬದುಕಿನಲ್ಲಿ ಅಷ್ಟು ಗಟ್ಟಿಯಾಗಿ ನಾನು ಎಂದೂ ಕಿರುಚಿರಲಿಲ್ಲ.

"ಇದಕ್ಕೆ ಮೌನ ಅಂತಾರೇನ್ರೀ? ಆಕೆ ತಂತಿ ಬಿಗಿ ಮಾಡೋಕೆ ನಿಲ್ಲಿಸಿದ್ದು! ಮೂಗು ಒರೆಸ್ಕೊಳ್ಳೋಕೆ ನಿಲ್ಲಿಸಿದ್ದು! ನೀವೆಲ್ಲ ಅದಕ್ಕೆ ಅಡ್ಡಬೀಳ್ತಾ ಕೂತಿದೀರಿ! ನಾನು ಬರೆದದ್ದೆಲ್ಲ ಬೂಟಾಟಿಕೆ! ಹತ್ತು ಪುಟಾನೂ ಬೂಟಾಟಿಕೆ!"

ತಂಬೂರಿ ಮೀಟಿತು. ಕೃತಿ ಶುರುವಾಯಿತು. ಯಾರೂ ಅದನ್ನು ಕೇಳಲಿಲ್ಲ. ನನ್ನನ್ನು ಒಂದು ಕಾಲದಲ್ಲಿ ಮೆಚ್ಚಿದ್ದವರೆಲ್ಲ, ಜಮಖಾನೆಯ ಮೇಲೆ ಯಾರೋ ಉಗುಳಿದಂತೆ ನೋಡುತ್ತಿದ್ದರು.

ಅಧ್ಯಕ್ಷರು ನಿಧಾನವಾಗಿ ಯಂತ್ರವನ್ನು ಕಿವಿಗೆ ಸಿಕ್ಕಿಸಿಕೊಂಡರು. "ಈ ಪೆಟ್ಟಿಗೆ ಬಂದು ಹದಿನೈದು ದಿನ ಆಗಿಲ್ಲ," ಎಂದರು. "ಆಗಲೇ ನಲವತ್ತು ಸೆಕೆಂಡು ಸುಮ್ಮನಿರೋಕೆ ಆಗಲಿಲ್ಲ ನಮಗೆ. ವಾಪಸು ಕಳಿಸಿ. ಹಳೇದು ರಿಪೇರಿ ಆಗಲಿ. ಆ ಚುಕ್ಕೆ ಅಳಿಸದ ಹಾಗೆ ಮಾಡೋಕೆ ಹೇಳಿ." ಆಮೇಲೆ ನಮ್ಮಿಬ್ಬರ ಕಡೆ ನೋಡದೆ ಹೇಳಿದರು, "ಮೊದಲನೇ ನಿಯಮ ಎಲ್ಲರಿಗೂ ಗೊತ್ತಿದೆ."

ಫಣಿರಾಜರೂ ಕೂಗಾಡಿದ್ದರು. ಆದರೆ ಅವರದು ಕೆರಳಿಸಿದ್ದಕ್ಕೆ ಕೊಟ್ಟ ಉತ್ತರ ಎಂದು ಸಭೆ ತೀರ್ಮಾನಿಸಿತು. ಇಂದುಮತಿಯವರು ವಾದಿಸಲಿಲ್ಲ. ಹೋಗಿ ರಿಸೀವರಿನಿಂದ ಪೆನ್ ಡ್ರೈವನ್ನು ಕಿತ್ತು ತಮ್ಮ ಕೈಚೀಲದೊಳಗೆ ಹಾಕಿಕೊಂಡು, "ಇದು ನಮ್ಮನೇದು," ಎಂದು ಗೋಡೆಗೆ ಹೇಳಿ ಹೊರಟರು. ತಡೆಯಲು ಯಾರಿಗೂ ಧೈರ್ಯವಾಗಲಿಲ್ಲ.

ಮೆಟ್ಟಿಲ ಕೆಳಗೆ ಚಪ್ಪಲಿ ಹುಡುಕುತ್ತ ನಾನೂ ಅವರೂ ಒಂದೆರಡು ನಿಮಿಷ ಒಟ್ಟಿಗೆ ನಿಂತೆವು. ಅವರು ಏನಾದರೂ ಹೇಳುತ್ತಾರೆಂದು ಕಾದೆ.

"ಮೂಗು ಒರೆಸ್ಕೊಳ್ಳೋಕೆ ಅಂತೆ," ಎಂದರು. "ಬೇರೇನೂ ಸಿಗಲಿಲ್ಲವಾ ನಿನಗೆ?"

ನೀನು ಎಂದದ್ದು ಅದೊಂದೇ ಸಲ. ಆಮೇಲೆ ನಾವು ಮಾತಾಡಿದ್ದೇ ಇಲ್ಲ.

ಆ ಊರಿನಲ್ಲಿ ಇನ್ನೊಂದು ವರ್ಷ ಇದ್ದೆ. ಗುರುವಾರ ಸಂಜೆ ಕಾಲುಗಳು ತಾವಾಗಿ ಆ ರಸ್ತೆಗೆ ಹೋಗುತ್ತಿದ್ದವು. ಎದುರಿನ ಮುಚ್ಚಿದ ಅಂಗಡಿಯ ಕಟ್ಟೆಯ ಬಳಿ ನಿಂತರೆ, ಮಹಡಿಯ ಕಿಟಕಿಯಿಂದ ಭೈರವಿ ತೆಳ್ಳಗೆ ಇಳಿದು ಬರುತ್ತಿತ್ತು. ಮೇಲೆ ಫಣಿರಾಜರು ಬಿಳಿ ಗೆರೆಯನ್ನು ಕೆಂಪು ಚುಕ್ಕೆಗೆ ತಂದು ಕೈ ಹಿಂದೆಗೆದಿರುತ್ತಾರೆ, ಹನ್ನೊಂದು ತಲೆಗಳು ಕಾಯುತ್ತಿರುತ್ತವೆ ಎಂದು ನನಗೆ ಗೊತ್ತಿತ್ತು. ರಸ್ತೆಯ ಆ ಬದಿ, ದೀಪದ ಕಂಬದ ಪಕ್ಕ, ಕೈಚೀಲ ಹಿಡಿದು ಇಂದುಮತಿಯವರು ನಿಂತಿರುತ್ತಿದ್ದರು. ಒಬ್ಬರನ್ನೊಬ್ಬರು ನೋಡಿದರೂ ನೋಡದವರಂತೆ ಇರುತ್ತಿದ್ದೆವು.

ತಂಬೂರಿ ಕೆಳಗಿಳಿಯುತ್ತಿತ್ತು. ನಾನು ಎಣಿಸುತ್ತಿದ್ದೆ. ಆಚೆ ಅವರ ತುಟಿಗಳೂ ಅಲುಗುತ್ತಿದ್ದವು. ಅವರೂ ಎಣಿಸುತ್ತಿದ್ದಾರೆಂದು ಎಷ್ಟೋ ವಾರ ಅಂದುಕೊಂಡಿದ್ದೆ. ಒಂದು ಸಂಜೆ ಬೀದಿಯ ದೀಪ ಬೇಗ ಹೊತ್ತಿ ಬೆಳಕು ಅವರ ಮುಖದ ಮೇಲೆ ಬಿತ್ತು. ಮೊದಲು ತುಟಿಗಳು ಬಹಳ ಹೊತ್ತು ಆಡಿದವು, ನಿಂತವು. ಆಮೇಲೆ, ಮೂವತ್ತೈದಕ್ಕೋ ಮೂವತ್ತಾರಕ್ಕೋ, ಮೂರೇ ಮೂರು ಸಣ್ಣ ಶಬ್ದಗಳಷ್ಟು ಮಾತ್ರ ಅಲುಗಿ, ಮುಚ್ಚಿಕೊಂಡವು.